ವೈರಸ್ ಹಳೇದು, ಬ್ರೇಕಿಂಗ್ ಹೊಸದು

(ಪ್ರಸಾರ: ಮಾರ್ಚ್ 2023)



ಕಳೆದ ಹತ್ತು ಹದಿನೈದು ದಿನಗಳಿಂದ ಯಾವ ನ್ಯೂಸ್ ಚಾನೆಲ್ ಹಾಕಿದರೂ ಒಂದೇ ಹೆಸರು. ಎಚ್3ಎನ್2. ಕೆಂಪು ಹಿನ್ನೆಲೆ, ಮೈತುಂಬಾ ಮುಳ್ಳಿರುವ ಒಂದು ಚೆಂಡು ಗಿರಗಿರ ತಿರುಗುತ್ತೆ, ಅದರ ಕೆಳಗೆ ದೊಡ್ಡಕ್ಷರದಲ್ಲಿ ‘ಕೊರೊನಾ ಆಯ್ತು, ಈಗ ಹೊಸ ಹೆಮ್ಮಾರಿ’. ಆ ಚೆಂಡನ್ನು ಒಮ್ಮೆ ಗಮನ ಕೊಟ್ಟು ನೋಡಿ. ಎಷ್ಟೋ ಕಡೆ ಅದು ಕೊರೊನಾ ವೈರಸ್ಸಿನ ಚಿತ್ರವೇ. 2020ರಲ್ಲಿ ಮಾಡಿಸಿಟ್ಟ ಗ್ರಾಫಿಕ್ಸ್‌ಗೆ ಹೆಸರು ಮಾತ್ರ ಬದಲಾಯಿಸಿ ಮತ್ತೆ ಬಿಟ್ಟಿದ್ದಾರೆ.

ಮೊದಲು ಈ ‘ಹೊಸ’ ಅನ್ನೋ ಪದವನ್ನು ಇತ್ಯರ್ಥ ಮಾಡಿಬಿಡೋಣ. ಎಚ್3ಎನ್2 ಅನ್ನೋ ಫ್ಲೂ ವೈರಸ್ ಕಾಣಿಸಿಕೊಂಡಿದ್ದು 1968ರಲ್ಲಿ. ಹಾಂಗ್‌ಕಾಂಗ್‌ನಲ್ಲಿ ಜೋರಾಗಿ ಹಬ್ಬಿದ್ದಕ್ಕೆ ಆಗ ಅದನ್ನು ಹಾಂಗ್‌ಕಾಂಗ್ ಫ್ಲೂ ಅಂತಲೇ ಕರೆದರು. ಪ್ರಪಂಚದಾದ್ಯಂತ ಸುಮಾರು 10 ಲಕ್ಷ ಜನ ಸತ್ತಿರಬಹುದು ಅನ್ನೋದು ಅಂದಾಜು. ಆವತ್ತು ಬಂದಿದ್ದು ವಾಪಸ್ ಹೋಗಲೇ ಇಲ್ಲ. ಸ್ವಲ್ಪ ಸ್ವಲ್ಪ ವೇಷ ಬದಲಿಸಿಕೊಂಡು ವರ್ಷ ವರ್ಷ ಬರ್ತಾನೇ ಇದೆ. ಈಗ ಅದಕ್ಕೆ 55 ವರ್ಷ. ಈ ವೈರಸ್ ನನಗಿಂತ ವಯಸ್ಸಿನಲ್ಲಿ ದೊಡ್ಡದು! ನಿಮ್ಮಲ್ಲಿ ಬಹಳಷ್ಟು ಜನಕ್ಕೆ ಇದು ಯಾವುದೋ ಒಂದು ಚಳಿಗಾಲದಲ್ಲಿ ಬಂದು ಹೋಗಿರಬಹುದು. ಆಗ ನೀವು ಅದಕ್ಕೆ ‘ಯಾಕೋ ಮೈ ಹುಷಾರಿಲ್ಲ’ ಅಂತ ಹೆಸರಿಟ್ಟಿರ್ತೀರಿ.

ಹಾಗಾದರೆ ಏನೂ ಇಲ್ವಾ? ಇದೆ. ಅದಕ್ಕೇ ಇವತ್ತು ಈ ಮಾತು.

ಕೇಂದ್ರ ಆರೋಗ್ಯ ಸಚಿವಾಲಯ ಮಾರ್ಚ್ 10ರಂದು ಕೊಟ್ಟ ಲೆಕ್ಕ ಹೀಗಿದೆ. ಜನವರಿಯಿಂದ ಮಾರ್ಚ್ 9ರವರೆಗೆ ಎಚ್3ಎನ್2 ಸೇರಿ ಎಲ್ಲಾ ಬಗೆಯ ಫ್ಲೂ ದೃಢಪಟ್ಟಿದ್ದು ದೇಶದಲ್ಲಿ 3,038 ಜನರಿಗೆ. ಎಚ್3ಎನ್2ನಿಂದ ಸಾವು ಎರಡು. ಒಂದು ಹರಿಯಾಣದಲ್ಲಿ, ಒಂದು ನಮ್ಮ ಹಾಸನ ಜಿಲ್ಲೆಯಲ್ಲಿ. ಹಾಸನದವರು 80 ದಾಟಿದ್ದ ಹಿರಿಯರು. ಶುಗರ್ ಇತ್ತು, ಬಿಪಿ ಇತ್ತು. ಅವರ ಹೆಸರು, ಊರು ಎಲ್ಲವೂ ಟಿವಿ ಪರದೆ ಮೇಲೆ ಓಡಿದವು. ನಾನು ಇಲ್ಲಿ ಹೇಳಲ್ಲ. ಆ ಮನೆಯವರು ಇನ್ನೂ ಅದೇ ಊರಲ್ಲಿ ಬದುಕಬೇಕು.

ಈಗ ಆ 3,038 ಅನ್ನೋ ಸಂಖ್ಯೆಗೆ ಬರೋಣ. 140 ಕೋಟಿ ಜನರ ದೇಶದಲ್ಲಿ, ಮನೆಮನೆಯಲ್ಲೂ ಕೆಮ್ಮು ಕೇಳಿಸ್ತಿರೋ ಹೊತ್ತಲ್ಲಿ, ಎರಡೂಕಾಲು ತಿಂಗಳಿಗೆ ಮೂರು ಸಾವಿರ ಜನರಿಗೆ ಮಾತ್ರ ಫ್ಲೂ ಬಂತಾ? ಖಂಡಿತಾ ಇಲ್ಲ. ನಮ್ಮ ಆರೋಗ್ಯ ಸಚಿವ ಡಾ. ಕೆ. ಸುಧಾಕರ್ ಈ ತಿಂಗಳ ಮೊದಲ ವಾರದಲ್ಲೇ ಹೇಳಿದ್ದಾರೆ: ಕೇಂದ್ರ ಕೊಟ್ಟಿರೋ ಗುರಿ ವಾರಕ್ಕೆ 25 ಪರೀಕ್ಷೆ, ವಿಕ್ಟೋರಿಯಾ ಮತ್ತು ವಾಣಿ ವಿಲಾಸ ಆಸ್ಪತ್ರೆಗಳಲ್ಲಿ ಮಾದರಿ ತೆಗೆದು ನೋಡ್ತಿದ್ದೀವಿ ಅಂತ. ಅಂದರೆ ಇದು ಅನ್ನ ಬೆಂದಿದೆಯಾ ಅಂತ ನಾಲ್ಕು ಅಗುಳು ಹಿಸುಕಿ ನೋಡೋ ಕೆಲಸ. ಯಾವ ತಳಿ ಓಡಾಡ್ತಿದೆ ಅಂತ ತಿಳ್ಕೊಳ್ಳೋದಕ್ಕೆ ಇದು ಸರಿಯಾದ ವಿಧಾನವೇ, ಪ್ರಪಂಚದ ಎಲ್ಲಾ ಕಡೆ ಹೀಗೇ ಮಾಡ್ತಾರೆ. ಆದರೆ ಹಿಸುಕಿದ ಅಗುಳನ್ನು ಎಣಿಸಿ, ಪಾತ್ರೆಯಲ್ಲಿ ಇರೋದೇ ಇಷ್ಟು ಅಂತ ಹೇಳಕ್ಕಾಗುತ್ತಾ?

ಏಳನೇ ಕ್ಲಾಸಿನ ಭಿನ್ನರಾಶಿ ನೆನಪು ಮಾಡ್ಕೊಳ್ಳಿ. ಮೇಲಿರೋದು ಅಂಶ, ಕೆಳಗಿರೋದು ಛೇದ. ಟಿವಿಯಲ್ಲಿ ಬರೋದು ಬರೀ ಅಂಶ. ಇಷ್ಟು ಸೋಂಕು, ಇಷ್ಟು ಸಾವು. ಎಷ್ಟು ಜನರಲ್ಲಿ, ಎಷ್ಟು ಪರೀಕ್ಷೆಯಲ್ಲಿ, ಯಾವ ವಯಸ್ಸಿನವರಲ್ಲಿ ಅನ್ನೋ ಛೇದ ಬರಲ್ಲ. ಛೇದ ಇಲ್ಲದ ಸಂಖ್ಯೆಯನ್ನು ಹೇಗೆ ಬೇಕಾದರೂ ಓದಬಹುದು. ಹೆದರಬೇಕು ಅಂತಿದ್ದವರು ಹೆದರ್ತಾರೆ, ನಗಬೇಕು ಅಂತಿದ್ದವರು ನಗ್ತಾರೆ.

ಈ ಎರಡೂ ಥರದ ಜನ ನಮಗೆ ವಾಟ್ಸ್‌ಆ್ಯಪ್‌ನಲ್ಲಿ ಸಿಗ್ತಾರೆ. ಒಬ್ಬ ಹುಡುಗ, 24 ವರ್ಷ, ಬೆಂಗಳೂರಲ್ಲಿ ಕೆಲಸ. ‘ಸರ್, ಎರಡು ದಿನದಿಂದ ಜ್ವರ. ಅಜಿತ್ರೋಮೈಸಿನ್ ಶುರು ಮಾಡಿದೀನಿ, ಆಕ್ಸಿಮೀಟರ್ ತಗೊಂಡಿದೀನಿ, ಆಕ್ಸಿಜನ್ ಬೆಡ್ ಎಲ್ಲಿ ಸಿಗುತ್ತೆ ಹೇಳಿ’ ಅಂತ ಕೇಳ್ತಾನೆ. ಆಕ್ಸಿಮೀಟರ್ 98 ತೋರಿಸ್ತಾ ಇದೆ! ಇನ್ನೊಬ್ಬರು ತುಮಕೂರು ಕಡೆಯವರು. ‘ಎಲೆಕ್ಷನ್ ಬಂತು, ವೈರಸ್ಸೂ ಬಂತು. ನಿಮ್ಮ ಟಿಆರ್‌ಪಿ ನಾಟಕ ಸಾಕು ಮಾಡ್ರಪ್ಪ’ ಅಂತ ಬೈದಿದ್ದಾರೆ. ಬೈದು, ಕೊನೆಯಲ್ಲಿ ಒಂದು ಸಾಲು: ‘ನಮ್ಮ ತಾಯಿಗೂ ವಾರದಿಂದ ಕೆಮ್ಮು ದಮ್ಮು ಇದೆ, ಕಷಾಯ ಕೊಡ್ತಾ ಇದೀವಿ, ಏನೂ ಆಗಿಲ್ಲ’.

ನನಗೆ ಚಿಂತೆ ಹತ್ತಿದ್ದು ಆ ಕೊನೆಯ ಸಾಲು ಓದಿ. ಹುಡುಗನಿಗೆ ಆಸ್ಪತ್ರೆ ಬೇಕಿಲ್ಲ, ಅವನು ಹುಡುಕ್ತಿದ್ದಾನೆ. ಆ ತಾಯಿಗೆ ಡಾಕ್ಟರ್ ಬೇಕು, ಕರ್ಕೊಂಡು ಹೋಗೋರಿಲ್ಲ. ಯಾಕಂದ್ರೆ ಮಗನಿಗೆ ಟಿವಿ ಮೇಲೆ ಸಿಟ್ಟು. (ತಕ್ಷಣ ಆಸ್ಪತ್ರೆಗೆ ಕರ್ಕೊಂಡು ಹೋಗಿ ಅಂತ ಉತ್ತರ ಕಳಿಸಿದೆ. ನೀಲಿ ಟಿಕ್ ಬಂತು.)

ಟಿವಿಯನ್ನು ನಂಬದಿದ್ದರೆ ಭಯ ಹೋಗುತ್ತೆ ಅಂತ ಜನ ತಿಳ್ಕೊಂಡಿದ್ದಾರೆ. ಹೋಗಲ್ಲ. ಜಾಗ ಬದಲಾಯಿಸುತ್ತೆ ಅಷ್ಟೆ. ಹೆದರಬೇಕಾದವರನ್ನು ಬಿಟ್ಟು, ಹೆದರಬೇಕಿಲ್ಲದವರ ಮನೆಗೆ ಹೋಗಿ ಕೂರುತ್ತೆ.

ಇದು ಇವತ್ತಿನ ಕಥೆಯೂ ಅಲ್ಲ. 2009 ನೆನಪಿದೆಯಾ? ಹಂದಿ ಜ್ವರ, ಎಚ್1ಎನ್1. ಆ ವರ್ಷ ಜೂನ್ 11ರಂದು ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಜಾಗತಿಕ ಪಿಡುಗು ಅಂತ ಘೋಷಿಸಿತ್ತು. ಆಗಸ್ಟ್ 3ರಂದು ಪುಣೆಯಲ್ಲಿ 14 ವರ್ಷದ ಒಬ್ಬ ಶಾಲಾ ಹುಡುಗಿ ತೀರಿಕೊಂಡಳು. ದೇಶದಲ್ಲಿ ಅದೇ ಮೊದಲ ಸಾವು. ಅಲ್ಲಿಂದ ಮುಂದೆ ಒಂದು ತಿಂಗಳು ನಮ್ಮ ಟಿವಿಗಳಲ್ಲಿ ಬೇರೆ ಸುದ್ದಿ ಇರಲಿಲ್ಲ. ಪುಣೆಯಲ್ಲಿ ಶಾಲೆ ಮುಚ್ಚಿದರು. ಮುಂಬೈನಲ್ಲಿ ಶಾಲೆ, ಸಿನಿಮಾ ಥಿಯೇಟರ್ ಎರಡೂ ಬಂದ್. ಬೆಂಗಳೂರಲ್ಲಿ ರಾಜೀವ್ ಗಾಂಧಿ ಎದೆರೋಗ ಆಸ್ಪತ್ರೆ ಮುಂದೆ ಪರೀಕ್ಷೆಗೆ ಜನವೋ ಜನ. ಮಾಸ್ಕ್‌ಗೆ ಹೇಳಿದ್ದೇ ರೇಟು. ‘ಮರಣ ಮೃದಂಗ’, ‘ರಣಕೇಕೆ’, ‘ಅಟ್ಟಹಾಸ’ ಇವೆಲ್ಲ ಕೊರೊನಾ ಕಾಲಕ್ಕೆ ಹುಟ್ಟಿದ ಪದಗಳು ಅಂದುಕೊಂಡಿದ್ದೀರಾ? ಇಲ್ಲ, ಹಂದಿ ಜ್ವರದ ಹೊತ್ತಿಗೇ ಬಳಸಿ ಬಳಸಿ ಸವೆದಿದ್ದವು.

ಆಮೇಲಿನ ಸರ್ಕಾರಿ ಅಂಕಿ ನೋಡಿ. 2009ರಲ್ಲಿ ದೇಶದಲ್ಲಿ ಎಚ್1ಎನ್1ನಿಂದ ಸತ್ತವರು 981 ಜನ. 2010ರಲ್ಲಿ 1,763. ಹೆಚ್ಚುಕಮ್ಮಿ ದುಪ್ಪಟ್ಟು. 2010ರ ಹಂದಿ ಜ್ವರ ನಿಮಗೆ ಯಾರಿಗಾದರೂ ನೆನಪಿದೆಯಾ? ನನಗಂತೂ ಇಲ್ಲ. ಇನ್ನೂ ಮುಂದೆ ಬನ್ನಿ. 2015ರಲ್ಲಿ 42,592 ಜನರಿಗೆ ದೃಢಪಟ್ಟಿತು, 2,990 ಜನ ಸತ್ತರು. 2009ರ ಮೂರು ಪಟ್ಟು ಸಾವು. 2017ರಲ್ಲಿ ಮತ್ತೆ ಎರಡು ಸಾವಿರ ದಾಟಿತು. 2009ರಲ್ಲಿ ಕಂಡ ಗಾಬರಿ ಅದರಲ್ಲಿ ಯಾವ ವರ್ಷವೂ ಕಾಣಲಿಲ್ಲ. ರೋಗದ ಗ್ರಾಫನ್ನೂ ಗದ್ದಲದ ಗ್ರಾಫನ್ನೂ ಒಂದರ ಮೇಲೊಂದು ಇಟ್ಟು ನೋಡಿ, ಎರಡಕ್ಕೂ ಸಂಬಂಧವೇ ಸಿಗಲ್ಲ. ಮೊದಲ ಸಾವಿಗೆ ಇಡೀ ದಿನ, ಸಾವಿರದ ಒಂದನೇ ಸಾವಿಗೆ ಕೆಳಗಿನ ಸ್ಕ್ರೋಲ್‌ನಲ್ಲಿ ಒಂದು ಸಾಲು.

2009ರ ಇನ್ನೊಂದು ಲೆಕ್ಕ. ಆ ವರ್ಷ ದೃಢಪಟ್ಟಿದ್ದು 27,236 ಜನರಿಗೆ, ಸತ್ತಿದ್ದು 981. ಭಾಗಿಸಿದರೆ ನೂರಕ್ಕೆ ಮೂರೂವರೆಗಿಂತ ಸ್ವಲ್ಪ ಜಾಸ್ತಿ. ಹಂದಿ ಜ್ವರ ಬಂದ ನೂರರಲ್ಲಿ ಮೂರ್ನಾಲ್ಕು ಜನ ಸಾಯ್ತಾರೆ ಅಂತ ಅರ್ಥವಾ? ಅಲ್ಲ. ಆ 27 ಸಾವಿರ ಬರೀ ಪರೀಕ್ಷೆಗೆ ಸಿಕ್ಕವರು. ಸಿಗದೆ ಮನೆಯಲ್ಲೇ ಮಲಗಿ ಎದ್ದವರು ಅದರ ಎಷ್ಟೋ ಪಟ್ಟು ಅಂತ ಆಮೇಲೆ ಪುಣೆಯಲ್ಲೇ ಜನರ ರಕ್ತ ಪರೀಕ್ಷೆ ಮಾಡಿದಾಗ ಗೊತ್ತಾಯ್ತು. ಅಂಶ ಸರಿ ಇತ್ತು, ಛೇದ ತಪ್ಪಿತ್ತು.

ಹಾಗಂತ ಜನ ನಂಬದೇ ಇರೋದಕ್ಕೆ ಟಿವಿ ಒಂದೇ ಕಾರಣ ಅಂತ ನಾನು ಒಪ್ಪಲ್ಲ. 2021ರ ಮೇ 2ರ ರಾತ್ರಿ ಚಾಮರಾಜನಗರ ಜಿಲ್ಲಾಸ್ಪತ್ರೆಯಲ್ಲಿ ಏನಾಯ್ತು? ಬೆಳಗಾಗೋದರೊಳಗೆ 24 ಜನ ಸತ್ತರು ಅಂತ ಸುದ್ದಿ. ಆಕ್ಸಿಜನ್ ಇಲ್ಲದೆ ಸತ್ತಿದ್ದು ಮೂರೇ ಜನ ಅಂತ ಸರ್ಕಾರದಿಂದ ಮಾತು ಬಂತು. ಹೈಕೋರ್ಟ್ ನೇಮಿಸಿದ ಸಮಿತಿ ಹೇಳಿದ್ದು ಬೇರೆ. ಆ ಜಿಲ್ಲೆಯ ಜನಕ್ಕೆ ಇವತ್ತು ಸರ್ಕಾರ ‘ಗಾಬರಿ ಬೇಡ, ಎಲ್ಲಾ ನಿಯಂತ್ರಣದಲ್ಲಿದೆ’ ಅಂದರೆ ಏನನ್ನಿಸಬೇಕು? ಹಾಸನದ ಹಿರಿಯರ ವಿಷಯವನ್ನೇ ತಗೊಳ್ಳಿ. ತೀರಿಕೊಂಡಿದ್ದು ಮಾರ್ಚ್ 1. ಸುದ್ದಿ ಹೊರಗೆ ಬಂದಿದ್ದು ಮಾರ್ಚ್ 10. ಮಾದರಿ ಲ್ಯಾಬಿಗೆ ಹೋಗಬೇಕು, ವರದಿ ಬರಬೇಕು, ಸಾವಿಗೆ ಅದೇ ಕಾರಣವಾ ಅಂತ ಡಾಕ್ಟರುಗಳು ಪರಿಶೀಲನೆ ಮಾಡಬೇಕು, ಅದಕ್ಕೆ ದಿನ ಹಿಡಿಯುತ್ತೆ. ಸರಿ. ಅದನ್ನು ಅದೇ ದಿನ, ಅದೇ ಪ್ರಕಟಣೆಯಲ್ಲಿ ಎರಡು ಸಾಲಲ್ಲಿ ವಿವರಿಸಬಹುದಿತ್ತಲ್ಲ. ‘ಒಂಬತ್ತು ದಿನ ಯಾಕೆ ಮುಚ್ಚಿಟ್ಟರು’ ಅನ್ನೋ ಫಾರ್ವರ್ಡ್‌ಗೆ ಅಲ್ಲೇ ಬಾಗಿಲು ಮುಚ್ಚಿರೋದು. ಇದರ ಮಧ್ಯೆ ಪುದುಚೇರಿಯಲ್ಲಿ 16ರಿಂದ 26ರವರೆಗೆ ಶಾಲೆಗೆ ರಜೆ ಕೊಟ್ಟರು, ನಮ್ಮಲ್ಲಿ ಮಕ್ಕಳಿಗೆ ಪರೀಕ್ಷೆ ಕಾಲ, ಇನ್ನೊಂದು ಕಡೆ ಪಕ್ಷಗಳ ಸಮಾವೇಶ. ವೈರಸ್ ಸಮಾವೇಶಕ್ಕೆ ಹೋಗಲ್ವಾ ಅಂತ ಜನ ಕೇಳಿದರೆ ಅದು ಕುಚೋದ್ಯ ಅಲ್ಲ, ನ್ಯಾಯವಾದ ಪ್ರಶ್ನೆ.

ಕೆಲವರು ಹೇಳ್ತಾರೆ, ಟಿವಿಯವರು ರೋಗದ ಸುದ್ದಿ ಮಾಡೋದನ್ನೇ ನಿಲ್ಲಿಸಿದರೆ ಎಲ್ಲಾ ಸರಿಹೋಗುತ್ತೆ ಅಂತ. ವಿದ್ಯಾವಂತರೇ ಹೇಳ್ತಾರೆ. ಸುದ್ದಿ ಮಾಡದೇ ಇದ್ದರೆ ಏನಾಗುತ್ತೆ ಅನ್ನೋದಕ್ಕೂ ಚರಿತ್ರೆಯಲ್ಲಿ ಲೆಕ್ಕ ಇದೆ, ಅದೂ ಇದೇ ಫ್ಲೂ ವಿಷಯದಲ್ಲೇ.

1918. ಮೊದಲ ಮಹಾಯುದ್ಧ ನಡೀತಿದೆ. ಯುದ್ಧದಲ್ಲಿದ್ದ ದೇಶಗಳಲ್ಲಿ ಪತ್ರಿಕೆಗಳಿಗೆ ಕಡಿವಾಣ, ಜನರ ಧೈರ್ಯ ಕುಂದಿಸೋ ಸುದ್ದಿ ಬರೆಯೋ ಹಾಗಿಲ್ಲ. ಸ್ಪೇನ್ ಯುದ್ಧದಲ್ಲಿ ಇರಲಿಲ್ಲ, ಅಲ್ಲಿನ ಪತ್ರಿಕೆಗಳು ಇದ್ದಿದ್ದನ್ನು ಇದ್ದ ಹಾಗೆ ಬರೆದವು. ಅವರ ರಾಜ 13ನೇ ಅಲ್ಫೊನ್ಸೊಗೆ ಜ್ವರ ಬಂದಿದ್ದೂ ಸುದ್ದಿಯಾಯ್ತು. ಸತ್ಯ ಬರೆದ ತಪ್ಪಿಗೆ ಆ ರೋಗಕ್ಕೆ ‘ಸ್ಪ್ಯಾನಿಷ್ ಫ್ಲೂ’ ಅಂತ ಅವರ ಹೆಸರೇ ಅಂಟಿಕೊಂಡಿತು. ಅಮೆರಿಕದ ಫಿಲಡೆಲ್ಫಿಯಾದಲ್ಲಿ ಸೆಪ್ಟೆಂಬರ್ 28ಕ್ಕೆ ಯುದ್ಧದ ಸಾಲಪತ್ರ ಮಾರೋದಕ್ಕೆ ಒಂದು ದೊಡ್ಡ ಮೆರವಣಿಗೆ ಗೊತ್ತಾಗಿತ್ತು. ಬೇಡ, ನಿಲ್ಲಿಸಿ ಅಂದರು ಕೆಲವು ಡಾಕ್ಟರುಗಳು. ಪತ್ರಿಕೆಗಳು ಅವರ ಎಚ್ಚರಿಕೆಯನ್ನು ಅಚ್ಚು ಹಾಕಲಿಲ್ಲ. ಸುಮಾರು ಎರಡು ಲಕ್ಷ ಜನ ಬೀದಿಯಲ್ಲಿ ಸೇರಿದರು. ಮೂರೇ ದಿನದಲ್ಲಿ ನಗರದ ಆಸ್ಪತ್ರೆಗಳ ಹಾಸಿಗೆಗಳೆಲ್ಲ ಭರ್ತಿ. ಆರು ವಾರದಲ್ಲಿ 12,000ಕ್ಕೂ ಹೆಚ್ಚು ಸಾವು. ಅಲ್ಲಿನ ಜನಕ್ಕೆ ಪತ್ರಿಕೆ ಬೇಕಾಗಲಿಲ್ಲ, ಪಕ್ಕದ ಮನೆಯಿಂದ ಹೆಣ ಹೋಗೋದನ್ನು ಕಣ್ಣಾರೆ ನೋಡ್ತಿದ್ದರು. ಅದೇ ಜ್ವರ ಹಡಗಿನಲ್ಲಿ ಮುಂಬೈಗೆ ಇಳಿದು, ‘ಬಾಂಬೆ ಜ್ವರ’ ಅನ್ನಿಸಿಕೊಂಡು, ರೈಲಿನಲ್ಲಿ ಊರೂರಿಗೆ ಹೋಗಿ, ನಮ್ಮ ದೇಶದಲ್ಲಿ ಒಂದು ಕೋಟಿಗೂ ಹೆಚ್ಚು ಜನರನ್ನು ತಗೊಂಡು ಹೋಯ್ತು.

ಹಾಗಾಗಿ ಸುಮ್ಮನಿರೋದು ಪರಿಹಾರ ಅಲ್ಲ. ಕಿರುಚೋದೂ ಅಲ್ಲ. ಕಿರುಚಿದರೆ ಏನಾಗುತ್ತೆ ಅನ್ನೋದು ಎಂಜಿನಿಯರಿಂಗ್ ಓದಿದವರಿಗೆ ಗೊತ್ತು. ಯಾವ ಎಚ್ಚರಿಕೆ ಗಂಟೆ ಸುಮ್ಮಸುಮ್ಮನೆ ಬಡಿಯುತ್ತೋ, ಅದರ ವೈರನ್ನು ಕೆಲಸಗಾರರೇ ಕಿತ್ತು ಹಾಕಿರ್ತಾರೆ. ನಿಜವಾಗಿ ಬೆಂಕಿ ಬಿದ್ದ ದಿನ ಗಂಟೆ ಬಡಿಯಲ್ಲ. ನಮ್ಮ ರಾಜ್ಯದ ಎಷ್ಟು ಮನೆಗಳಲ್ಲಿ ಈ ವೈರು ಈಗಾಗಲೇ ಕಿತ್ತು ಹೋಗಿದೆ ಅನ್ನೋದು ಆ ತುಮಕೂರಿನವರ ಮೆಸೇಜ್ ನೋಡಿದರೆ ಗೊತ್ತಾಗುತ್ತೆ.

ಈಗ ಆ ಬೆಂಗಳೂರಿನ ಹುಡುಗನ ಮಾತ್ರೆ ವಿಷಯ. ಈ ತಿಂಗಳ ಆರಂಭದಲ್ಲೇ ಭಾರತೀಯ ವೈದ್ಯಕೀಯ ಸಂಘ, ಐಎಂಎ, ಒಂದು ಸೂಚನೆ ಹೊರಡಿಸಿದೆ. ಜ್ವರ ಮೂರು ದಿನದಲ್ಲಿ ಇಳಿಯುತ್ತೆ, ಕೆಮ್ಮು ಮೂರು ವಾರದವರೆಗೂ ಇರಬಹುದು, ಆಂಟಿಬಯೋಟಿಕ್ ಬೇಡ, ಜ್ವರಕ್ಕೆ ಜ್ವರದ ಮಾತ್ರೆ ಸಾಕು ಅಂತ. ಫ್ಲೂ ಬರೋದು ವೈರಸ್ಸಿನಿಂದ. ಆಂಟಿಬಯೋಟಿಕ್ ಕೊಲ್ಲೋದು ಬ್ಯಾಕ್ಟೀರಿಯಾವನ್ನು. ಮನೆಗೆ ನುಗ್ಗಿದ್ದು ಕೋತಿ, ನೀವು ಇಲಿ ಪಾಷಾಣ ಇಡ್ತಿದ್ದೀರಿ. ಮೂರು ದಿನಕ್ಕೆ ಜ್ವರ ತಾನಾಗೇ ಇಳಿಯುತ್ತೆ, ಕೀರ್ತಿ ಮಾತ್ರೆಗೆ ಹೋಗುತ್ತೆ. ಮುಂದಿನ ಸಲ ಮೆಡಿಕಲ್ ಶಾಪಿಗೆ ಹೋಗಿ ‘ಹೋದ ಸಲದ್ದೇ ಕೊಡಿ’ ಅಂತೀರಿ. ಹೀಗೇ ತಿಂದೂ ತಿಂದೂ, ನಿಜವಾಗಿ ನ್ಯುಮೋನಿಯಾ ಆದ ದಿನ ಅದೇ ಮಾತ್ರೆ ಕೆಲಸ ಮಾಡದ ಸ್ಥಿತಿಗೆ ನಾವು ಬರ್ತಿದ್ದೀವಿ. ಐಎಂಎ ಹೇಳಿದ ಈ ಮಾತಿಗೆ ಬ್ರೇಕಿಂಗ್ ಪಟ್ಟಿ ಎಲ್ಲೂ ಕಾಣಲಿಲ್ಲ. ಬೇಡ ಅನ್ನೋದು ಸುದ್ದಿ ಅನ್ನಿಸೋದಿಲ್ವೇನೋ.

ಮತ್ತೆ ಹೆದರಬೇಕಾದವರು ಯಾರು? ಇದಕ್ಕೆ ಪ್ಯಾನೆಲ್ ಚರ್ಚೆ ಬೇಕಿಲ್ಲ. 2009ರಲ್ಲೇ ಕೇಂದ್ರ ಆರೋಗ್ಯ ಸಚಿವಾಲಯ ಫ್ಲೂ ರೋಗಿಗಳನ್ನು ಎ, ಬಿ, ಸಿ ಅಂತ ಮೂರು ವರ್ಗ ಮಾಡಿ ಬರೆದಿಟ್ಟಿದೆ. ಬಹಳ ಸರಳ. ಪೆನ್ನು ಪೇಪರ್ ಇದ್ದರೆ ಬರ್ಕೊಳ್ಳಿ.

ಸಾಧಾರಣ ಜ್ವರ, ಕೆಮ್ಮು, ಗಂಟಲು ನೋವು, ಮೈಕೈ ನೋವು ಇದ್ದು, ಬೇರೆ ಕಾಯಿಲೆ ಇಲ್ಲದಿದ್ದರೆ ನೀವು ಎ. ಪರೀಕ್ಷೆ ಬೇಕಿಲ್ಲ, ಫ್ಲೂ ಮಾತ್ರೆಯೂ ಬೇಕಿಲ್ಲ. ಮನೆಯಲ್ಲಿರಿ, ನೀರು ಕುಡೀರಿ, ಒಂದೆರಡು ದಿನ ಗಮನಿಸಿ. ಆಫೀಸಿಗೆ ಹೋಗಿ ಹತ್ತು ಜನಕ್ಕೆ ಹಂಚಬೇಡಿ. ಬೆಂಗಳೂರಿನ ಹುಡುಗ ಇಲ್ಲಿ ಬರ್ತಾನೆ.

ಅದೇ ಲಕ್ಷಣದ ಜೊತೆ ಜ್ವರ ಜೋರಾಗಿದ್ದು ಗಂಟಲು ತೀರಾ ಕೆಟ್ಟಿದ್ದರೆ ಬಿ. ಜ್ವರ ಸಾಧಾರಣವೇ ಇರಲಿ, ಆದರೆ ರೋಗಿ ಚಿಕ್ಕ ಮಗು, ಗರ್ಭಿಣಿ, 65 ದಾಟಿದವರು, ಅಥವಾ ಶುಗರ್, ಹೃದಯ, ಶ್ವಾಸಕೋಶ, ಕಿಡ್ನಿ, ಲಿವರ್, ಕ್ಯಾನ್ಸರ್ ತೊಂದರೆ ಇರೋರಾಗಿದ್ದರೆ ಅವರೂ ಬಿ. ಇವರು ಕಾಯಬಾರದು, ಡಾಕ್ಟರನ್ನು ನೋಡಬೇಕು. ಒಸೆಲ್ಟಾಮಿವಿರ್ ಅನ್ನೋ ಫ್ಲೂ ಔಷಧ, ನಿಮಗೆ ಟ್ಯಾಮಿಫ್ಲೂ ಅಂದರೆ ಗೊತ್ತಾಗಬಹುದು, ಅದು ಬೇಕಾ ಬೇಡವಾ ಅಂತ ಡಾಕ್ಟರ್ ತೀರ್ಮಾನ ಮಾಡ್ತಾರೆ. ಅದರ ಪ್ರಯೋಜನ ಹೆಚ್ಚು ಸಿಗೋದು ಲಕ್ಷಣ ಶುರುವಾದ 48 ಗಂಟೆಯೊಳಗೆ ತಗೊಂಡರೆ. ಟಿವಿಯವರ ಮೇಲೆ ಸಿಟ್ಟು ಮಾಡ್ಕೊಂಡು ವಾರ ಕೂತರೆ ಆ 48 ಗಂಟೆ ವಾಪಸ್ ಬರಲ್ಲ.

ಇನ್ನು ಸಿ. ಉಸಿರಾಡೋಕೆ ಕಷ್ಟ, ಎದೆ ನೋವು, ವಿಪರೀತ ಮಂಪರು, ಬಿಪಿ ಕುಸಿಯೋದು, ಕಫದಲ್ಲಿ ರಕ್ತ, ಉಗುರು ನೀಲಿಯಾಗೋದು. ಮಕ್ಕಳಾದರೆ ಹಾಲು, ಊಟ ಬಿಟ್ಟು ಸುಮ್ಮನಾಗಿಬಿಡೋದು. ಇದರಲ್ಲಿ ಒಂದು ಕಂಡರೂ ಅದೇ ಗಳಿಗೆಯಲ್ಲಿ ಆಸ್ಪತ್ರೆ. ಬೆಳಗಾಗಲಿ ಅಂತ ಕಾಯೋ ಹಾಗಿಲ್ಲ. ಪರೀಕ್ಷೆಯೂ ಅಲ್ಲೇ, ಚಿಕಿತ್ಸೆಯೂ ಆಗಲೇ. ‘ಕೆಮ್ಮು ದಮ್ಮು, ಕಷಾಯ ಕೊಡ್ತಾ ಇದೀವಿ’ ಅಂದಿದ್ದರಲ್ಲ, ಆ ದಮ್ಮು ಅನ್ನೋ ಒಂದು ಪದಕ್ಕೆ ಆ ತಾಯಿ ಇಲ್ಲಿಗೆ ಬರ್ತಾರೆ.

ಈ ಮೂರು ಅಕ್ಷರ ಹದಿನಾಲ್ಕು ವರ್ಷದಿಂದ ಇದೆ. ಎಷ್ಟು ಜನಕ್ಕೆ ಗೊತ್ತು? ಸಂತೆಪೇಟೆಯ ಮೆಡಿಕಲ್ ಶಾಪಲ್ಲಿ, ಬಸ್ ಸ್ಟ್ಯಾಂಡಲ್ಲಿ, ಗ್ರಾಮ ಪಂಚಾಯ್ತಿ ಗೋಡೆ ಮೇಲೆ ನೀವೆಲ್ಲಾದರೂ ನೋಡಿದ್ದೀರಾ? ಫ್ಲೂ ಲಸಿಕೆಯೂ ಹಾಗೇ. ಈ ವೈರಸ್ ವೇಷ ಬದಲಿಸುತ್ತೆ ಅಂತಲೇ ಯಾವ ತಳಿಗೆ ಲಸಿಕೆ ಮಾಡಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ವರ್ಷಕ್ಕೆ ಎರಡು ಸಲ ಹೇಳುತ್ತೆ, ಅದರಲ್ಲಿ ಎಚ್3ಎನ್2ಗೂ ಪಾಲಿದೆ. ಮನೆಯಲ್ಲಿ ಹಿರಿಯರಿದ್ದರೆ, ಶುಗರ್ ಪೇಷಂಟ್ ಇದ್ದರೆ, ನಿಮ್ಮ ಡಾಕ್ಟರ್ ಹತ್ತಿರ ಇದನ್ನೊಂದು ಮಾತು ಕೇಳಿ ನೋಡಿ.

ಮಾರ್ಚ್ ಕೊನೆಯಿಂದ ಪ್ರಕರಣ ಇಳಿಯೋ ನಿರೀಕ್ಷೆ ಇದೆ ಅಂತ ಕೇಂದ್ರ ಹೇಳಿದೆ. ಇಳಿದ ಮೇಲೆ ಈ ಕೆಂಪು ಪಟ್ಟಿಯೂ ಹೋಗುತ್ತೆ, ಅದರ ಜಾಗಕ್ಕೆ ಚುನಾವಣೆ ಬರುತ್ತೆ. ಅಲ್ಲಿಯವರೆಗೆ ಈ ಕಾರ್ಯಕ್ರಮದಲ್ಲಿ ಫ್ಲೂ ಸಂಖ್ಯೆ ಹಾಕುವಾಗ ಎಷ್ಟು ಜನಕ್ಕೆ ಬಂತು ಅನ್ನೋದರ ಪಕ್ಕದಲ್ಲೇ ಎಷ್ಟು ಜನರನ್ನು ಪರೀಕ್ಷೆ ಮಾಡಿದರು, ಎಷ್ಟು ಜನ ಆಸ್ಪತ್ರೆಯಲ್ಲಿದ್ದಾರೆ, ಅವರ ವಯಸ್ಸೇನು ಅಂತಲೂ ಹಾಕ್ತೀವಿ. ಆ ಮಾಹಿತಿ ಜಿಲ್ಲಾವಾರು ಕೊಡಿ ಅಂತ ಇವತ್ತು ಮಧ್ಯಾಹ್ನ ಪತ್ರ ಕಳಿಸಿದ್ದೀವಿ. ಸಿಕ್ಕಿದ್ದನ್ನು ನಾಳೆ ಇದೇ ಹೊತ್ತಿಗೆ ತೋರಿಸ್ತೀನಿ. ಸಿಗದೇ ಇದ್ದರೆ ಆ ಜಾಗ ಖಾಲಿ ಇರುತ್ತೆ, ಖಾಲಿ ಇರೋದನ್ನೇ ತೋರಿಸ್ತೀನಿ.